ಫೇಸ್‌ಬುಕ್‌ನ ಹಳೆಯ ಪೋಸ್ಟ್‌ಗಳನ್ನು ಹಸನು ಮಾಡುವುದು ಹೇಗೆ?

"ಹತ್ತು ಹದಿನೈದು ವರ್ಷಗಳಿಂದ ಫೇಸ್‌ಬುಕ್‌ನಲ್ಲಿ ಬರೆದದ್ದನ್ನೆಲ್ಲ ಒಂದೇ ಸಲಕ್ಕೆ ಅಳಿಸುವುದು ಹೇಗೆ?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೆಲಸಕ್ಕೆ ಅರ್ಜಿ ಹಾಕುತ್ತಿರುವವರು ಕೇಳುತ್ತಾರೆ, ಮದುವೆಯ ಮಾತುಕತೆ ನಡೆಸುತ್ತಿರುವವರು ಕೇಳುತ್ತಾರೆ, ಓದಲು ವಿದೇಶಕ್ಕೆ ಹೊರಟವರು ಕೇಳುತ್ತಾರೆ. ಕಾಲೇಜು ದಿನಗಳಲ್ಲಿ ಆಡಿದ ಒರಟು ಮಾತು ಈಗ ಮಕ್ಕಳ ಕಣ್ಣಿಗೆ ಬಿದ್ದೀತೆಂಬ ಅಳುಕು ಇರುವವರೂ ಕೇಳುತ್ತಾರೆ.

ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ಗುಂಡಿ ಫೇಸ್‌ಬುಕ್‌ನಲ್ಲಿ ಇಲ್ಲ. ಕಂತು ಕಂತಾಗಿ ಆಯ್ದು ತೆಗೆಯುವ ವ್ಯವಸ್ಥೆ ಇದೆ. ಅದು ಹಾಗಿರುವುದೇ ಒಳ್ಳೆಯದು ಎನ್ನುವವನು ನಾನು. ಒಂದು ಪೋಸ್ಟ್ ಅಳಿಸಿದರೆ ಅದರ ಕೆಳಗೆ ಬೇರೆಯವರು ಬರೆದ ಕಾಮೆಂಟ್‌ಗಳೂ ಅದರೊಂದಿಗೇ ಹೋಗುತ್ತವೆ. 2013ರಲ್ಲಿ ಹಾಕಿದ್ದ, ಮಳೆಯಲ್ಲಿ ನೆನೆದು ನಿಂತ ಸ್ಕೂಟರಿನ ಮಸುಕು ಫೋಟೋ ಒಂದನ್ನು ಕೆಲಸಕ್ಕೆ ಬಾರದ್ದೆಂದು ತೆಗೆಯಲು ಹೊರಟಿದ್ದೆ. ಕೆಳಗೆ ಅಪ್ಪನ ಒಂದೇ ಸಾಲು ಇತ್ತು: "ಬ್ರೇಕ್ ಒಮ್ಮೆ ತೋರಿಸು. ನಿಧಾನವಾಗಿ ಬಾ." ಅಪ್ಪ ಈಗ ಇಲ್ಲ. ಆ ದಿನದಿಂದ ನಾನು ಯಾರಿಗೂ ಮೊದಲು ಅಳಿಸಿ ಎಂದು ಹೇಳಿಲ್ಲ. ಮೊದಲು ನೋಡಿ, ಆಮೇಲೆ ಪ್ರತಿ ಇಟ್ಟುಕೊಳ್ಳಿ, ಆಮೇಲೆ ಮರೆಮಾಡಿ, ಅಳಿಸುವುದು ಕೊನೆಗೆ. ಈ ಲೇಖನ ಹೋಗುವುದೂ ಅದೇ ಕ್ರಮದಲ್ಲಿ.

ಬೇಕಾಗುವುದೇನು?

ಸಾಧ್ಯವಾದರೆ ಕಂಪ್ಯೂಟರ್ ಬಳಸಿ. ಮೊಬೈಲಿನಲ್ಲೂ ಎಲ್ಲ ಆಗುತ್ತದೆ, ಆದರೆ ನೂರಾರು ಪೋಸ್ಟ್‌ಗಳನ್ನು ಆರಿಸಲು ದೊಡ್ಡ ಪರದೆಯೇ ಅನುಕೂಲ. ಖಾತೆಯ ಪಾಸ್‌ವರ್ಡ್, ಖಾತೆಗೆ ಜೋಡಿಸಿದ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ಹಳೆಯ ಸಿಮ್ ಬಿಟ್ಟುಕೊಟ್ಟಿದ್ದು ಖಾತೆಯಲ್ಲಿ ಇನ್ನೂ ಅದೇ ಸಂಖ್ಯೆ ಇದ್ದರೆ ಮೊದಲು ಅದನ್ನು ಬದಲಿಸಿ. ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಬೇಡ. ದಿನಕ್ಕೆ ಅರ್ಧ ಗಂಟೆಯಂತೆ ಒಂದೆರಡು ವಾರ ಇಟ್ಟುಕೊಳ್ಳಿ. ಸೈಬರ್ ಕೆಫೆಯಲ್ಲಾಗಲಿ ಕಚೇರಿಯ ಕಂಪ್ಯೂಟರಿನಲ್ಲಾಗಲಿ ಈ ಕೆಲಸ ಬೇಡ. ಏಕೆಂದು ಎರಡನೇ ಹಂತದಲ್ಲಿ ತಿಳಿಯುತ್ತದೆ.

ಫೇಸ್‌ಬುಕ್ ತನ್ನ ಮೆನುಗಳ ಹೆಸರು ಮತ್ತು ಜಾಗವನ್ನು ಆಗಾಗ ಬದಲಿಸುತ್ತದೆ. ನಾನು ಹೇಳಿದ ಜಾಗದಲ್ಲಿ ಹೇಳಿದ್ದು ಸಿಗದಿದ್ದರೆ ಸೆಟ್ಟಿಂಗ್ಸ್ ಪುಟದ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಅದೇ ಹೆಸರನ್ನು ಟೈಪ್ ಮಾಡಿ.

ಹಂತ 1: ಹೊರಗಿನವರ ಕಣ್ಣಿನಿಂದ ನೋಡಿ

ನಿಮ್ಮ ಪ್ರೊಫೈಲ್ ತೆರೆದು ಮೂರು ಚುಕ್ಕಿಗಳ ಗುಂಡಿ ಒತ್ತಿ, 'ವ್ಯೂ ಆ್ಯಸ್' ಆರಿಸಿ. ನಿಮ್ಮ ಸ್ನೇಹಿತರ ಪಟ್ಟಿಯಲ್ಲಿ ಇಲ್ಲದ ಅಪರಿಚಿತರಿಗೆ ನಿಮ್ಮ ಪುಟ ಹೇಗೆ ಕಾಣುತ್ತದೆಂದು ಇದು ತೋರಿಸುತ್ತದೆ. ಕೆಳಗಿಳಿಯುತ್ತಾ ಹೋಗಿ. 2010ರ ಸುಮಾರಿಗೆ ಖಾತೆ ತೆರೆದವರಾದರೆ ಅಚ್ಚರಿ ಕಾದಿರುತ್ತದೆ. ಹೊಸದಾಗಿ ಸೇರಿದವರ ಮೊದಲ ಪೋಸ್ಟ್ ತಾನಾಗಿಯೇ ಸಾರ್ವಜನಿಕವಾಗುತ್ತಿದ್ದ ಕಾಲ ಅದು. ಫೇಸ್‌ಬುಕ್ ಅದನ್ನು 'ಸ್ನೇಹಿತರಿಗೆ ಮಾತ್ರ' ಎಂದು ಬದಲಿಸಿದ್ದು 2014ರ ಮೇ ತಿಂಗಳಲ್ಲಿ.

ಪ್ರತಿ ಪೋಸ್ಟಿನ ದಿನಾಂಕದ ಪಕ್ಕದಲ್ಲಿ ಪುಟ್ಟ ಚಿತ್ರವೊಂದಿದೆ. ಭೂಗೋಳ ಇದ್ದರೆ ಜಗತ್ತಿಗೆಲ್ಲ ಕಾಣುತ್ತದೆ, ಇಬ್ಬರು ವ್ಯಕ್ತಿಗಳಿದ್ದರೆ ಸ್ನೇಹಿತರಿಗೆ, ಬೀಗ ಇದ್ದರೆ ನಿಮಗೊಬ್ಬರಿಗೇ. ಮುಂದಿನ ಕೆಲಸವೆಲ್ಲ ನಿಂತಿರುವುದು ಈ ಮೂರು ಚಿತ್ರಗಳ ಮೇಲೆ. ಈಗಿನ ಕವರ್ ಫೋಟೋ ಮಾತ್ರ ಯಾವಾಗಲೂ ಸಾರ್ವಜನಿಕ. ಅದಕ್ಕೆ ಬೀಗ ಹಾಕಲಾಗದು. ಆದ್ದರಿಂದ ಅಲ್ಲಿ ಮಕ್ಕಳ ಚಿತ್ರ ಬೇಡ.

ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಎಂದರೆ ಲಾಗಿನ್ ಆಗದೆ ನೋಡುವ ಕಿಟಕಿಯಲ್ಲಿ, ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಊರಿನ ಹೆಸರು ಸೇರಿಸಿ. ಸಿಕ್ಕಿದ್ದನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹಂತ 2: ಪೂರ್ತಿ ಪ್ರತಿಯೊಂದನ್ನು ಇಳಿಸಿಕೊಳ್ಳಿ

ಸೆಟ್ಟಿಂಗ್ಸ್ ಒಳಗೆ 'ಅಕೌಂಟ್ಸ್ ಸೆಂಟರ್', ಅದರೊಳಗೆ ನಿಮ್ಮ ಮಾಹಿತಿ ಮತ್ತು ಅನುಮತಿಗಳ ಭಾಗ, ಅಲ್ಲಿ ಮಾಹಿತಿ ಇಳಿಸಿಕೊಳ್ಳುವ ಆಯ್ಕೆ ಇದೆ. ನೀವು ಬರೆದದ್ದು, ಹಾಕಿದ ಫೋಟೋ, ಕಳಿಸಿದ ಸಂದೇಶ ಮೊದಲಾದವನ್ನು ಫೇಸ್‌ಬುಕ್ ಗಂಟು ಕಟ್ಟಿ ಕೊಡುತ್ತದೆ. ಗಂಟು ಸಿದ್ಧವಾಗಲು ಕೆಲವು ಗಂಟೆ ಹಿಡಿಯಬಹುದು, ಕೆಲವರಿಗೆ ದಿನಗಳೂ ಹಿಡಿಯುತ್ತವೆ. ಸಿದ್ಧವಾದ ಕೊಂಡಿ ಕೆಲವೇ ದಿನ ಬದುಕಿರುತ್ತದೆ, ಹಾಗಾಗಿ ತಡಮಾಡದೆ ಇಳಿಸಿಕೊಳ್ಳಿ.

ಇಲ್ಲಿ ಜನ ಎಡವುವ ಜಾಗಗಳು ಕೆಲವಿವೆ.

ಮೊದಲನೆಯದು ದಿನಾಂಕ. ಕೋರಿಕೆಯ ಪುಟದಲ್ಲಿ ಯಾವ ಅವಧಿಯ ಮಾಹಿತಿ ಬೇಕೆಂದು ಕೇಳುತ್ತಾರೆ. ಮುಂಚೆಯೇ ಆರಿಸಿಟ್ಟದ್ದನ್ನು ಹಾಗೇ ಬಿಟ್ಟು ಮುಂದೆ ಹೋಗಬೇಡಿ. 'ಆಲ್ ಟೈಮ್' ಎಂದು ನೀವೇ ಆರಿಸಿ. ಇಲ್ಲವಾದರೆ ಎಲ್ಲ ಬಂದಿದೆಯೆಂದು ನಂಬಿ ಹಳೆಯದನ್ನು ಅಳಿಸಿಬಿಡುತ್ತೀರಿ.

ಎರಡನೆಯದು ಕನ್ನಡ ಬರೆಯುವವರಿಗೆ ಬಹಳ ಮುಖ್ಯ. ಪ್ರತಿ ಎರಡು ರೂಪದಲ್ಲಿ ಸಿಗುತ್ತದೆ, ಎಚ್‌ಟಿಎಂಎಲ್ ಮತ್ತು ಜೇಸನ್. ಮೊದಲನೆಯದು ಬ್ರೌಸರಿನಲ್ಲಿ ತೆರೆದು ಓದುವ ಪುಟ, ಎರಡನೆಯದು ಬೇರೆ ತಂತ್ರಾಂಶಗಳಿಗೆ ಉಣಿಸುವ ದತ್ತಾಂಶದ ಕಡತ. ಜೇಸನ್ ಕಡತದಲ್ಲಿ ಫೇಸ್‌ಬುಕ್ ಕನ್ನಡ ಅಕ್ಷರಗಳನ್ನು ಸರಿಯಾಗಿ ಬರೆಯುವುದಿಲ್ಲ. ಒಂದೊಂದು ಅಕ್ಷರವೂ ಮೂರು ತುಂಡಾಗಿ, ಓರೆ ಗೆರೆ ಮತ್ತು ಅಂಕಿಗಳ ಸಾಲಾಗಿ ಕಾಣುತ್ತದೆ. 'ಅಮ್ಮ' ಎಂದು ಹುಡುಕಿದರೆ ಏನೂ ಸಿಗದು. ಅದನ್ನು ಸರಿಪಡಿಸಲು ದಾರಿಯಿದೆ, ಆದರೆ ಅದಕ್ಕೆ ಪ್ರೋಗ್ರಾಂ ಬರೆಯಲು ಬರಬೇಕು. ನೀವು ಎಚ್‌ಟಿಎಂಎಲ್ ಆರಿಸಿಕೊಳ್ಳಿ. ಫೋಟೋಗಳ ಗುಣಮಟ್ಟವನ್ನು 'ಹೈ' ಎಂದಿಡಿ.

ಮೂರನೆಯದು, ನಿಮ್ಮ ಪೋಸ್ಟಿನ ಕೆಳಗೆ ಬೇರೆಯವರು ಬರೆದ ಮಾತುಗಳೆಲ್ಲ ಈ ಪ್ರತಿಯಲ್ಲಿ ಬರುತ್ತವೆಂದು ನಂಬಿಕೊಂಡು ಕೂರಬೇಡಿ. ಉಳಿಸಿಕೊಳ್ಳಬೇಕಾದ ಸಂಭಾಷಣೆ ಇದ್ದರೆ ಪೋಸ್ಟ್ ತೆರೆದು, ಎಲ್ಲ ಕಾಮೆಂಟ್‌ಗಳನ್ನು ಬಿಚ್ಚಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಪ್ಪನ ಆ ಸಾಲನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಇಳಿಸಿದ ಗಂಟಿನಲ್ಲಿ ನಿಮ್ಮ ಖಾಸಗಿ ಸಂದೇಶಗಳೂ ಇರುತ್ತವೆ. ಸೈಬರ್ ಕೆಫೆ ಬೇಡ ಎಂದದ್ದು ಇದಕ್ಕೇ. ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಡಿ.

ಹಂತ 3: ಮೊದಲು ಬಾಗಿಲು ಮುಚ್ಚಿ

ಕಸ ಗುಡಿಸುವ ಮುಂಚೆ ಬೀದಿಯ ಬಾಗಿಲು ಮುಚ್ಚುವ ಹಂತ ಇದು. ಸೆಟ್ಟಿಂಗ್ಸ್‌ನಲ್ಲಿ ಪೋಸ್ಟ್‌ಗಳ ಭಾಗಕ್ಕೆ ಹೋದರೆ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಎಂಬ ಆಯ್ಕೆ ಇದೆ. ಇದನ್ನು ಒತ್ತಿದರೆ ಸಾರ್ವಜನಿಕವಾಗಿದ್ದ ಮತ್ತು ಸ್ನೇಹಿತರ ಸ್ನೇಹಿತರಿಗೂ ಕಾಣುತ್ತಿದ್ದ ನಿಮ್ಮ ಹಳೆಯ ಪೋಸ್ಟ್‌ಗಳೆಲ್ಲ ಒಟ್ಟಿಗೆ 'ಸ್ನೇಹಿತರಿಗೆ ಮಾತ್ರ' ಆಗುತ್ತವೆ. ಸಂದರ್ಶನ ನಾಳೆಯೇ ಇದೆ, ಕೈಯಲ್ಲಿ ಹತ್ತು ನಿಮಿಷ ಮಾತ್ರ ಇದೆ ಎನ್ನುವವರು ಈ ಒಂದು ಹಂತವನ್ನಾದರೂ ಮಾಡಿ.

ಮಾಡುವ ಮುಂಚೆ ಎರಡು ಮಾತು. ಒಮ್ಮೆ ಮಾಡಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹಿಂದಿನಂತೆ ಮಾಡಲಾಗದು, ಒಂದೊಂದನ್ನೇ ತೆರೆದು ಬದಲಿಸಬೇಕು. ಕವಿತೆ, ಲೇಖನ, ಅಂಗಡಿಯ ಜಾಹೀರಾತು, ರಕ್ತದಾನದ ಕರೆ ಇಂಥವನ್ನು ಸಾರ್ವಜನಿಕವಾಗಿ ಬರೆದು ಜನರಿಂದ ಹಂಚಿಸಿಕೊಂಡವರು ಇದನ್ನು ಬಳಸದೆ ನೇರವಾಗಿ ನಾಲ್ಕನೇ ಹಂತಕ್ಕೆ ಹೋಗುವುದು ಒಳ್ಳೆಯದು. ಜೊತೆಗೆ, ಯಾವ ಪೋಸ್ಟಿನಲ್ಲಿ ನೀವು ಯಾರನ್ನಾದರೂ ಟ್ಯಾಗ್ ಮಾಡಿದ್ದೀರೋ, ಎಂದರೆ ಹೆಸರು ಜೋಡಿಸಿದ್ದೀರೋ, ಅದು ಅವರಿಗೆ ಮುಂದೆಯೂ ಕಾಣುತ್ತದೆ.

ಅಲ್ಲೇ ಮುಂದಿನ ಪೋಸ್ಟ್‌ಗಳು ಯಾರಿಗೆ ಕಾಣಬೇಕೆಂಬ ಆಯ್ಕೆಯನ್ನೂ 'ಸ್ನೇಹಿತರು' ಎಂದಿಡಿ.

ಹಂತ 4: ಕಲ್ಲು ಆರಿಸುವುದು

ಹೆಚ್ಚು ಹೊತ್ತು ಹಿಡಿಯುವುದು ಇದಕ್ಕೆ. ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸುವ ಹಾಗೆ, ಏನು ತೆಗೆಯಬೇಕೆಂಬುದು ಮೊದಲು ಕಣ್ಣಿಗೆ ಗೊತ್ತಿರಬೇಕು. ನನ್ನ ಅನುಭವದಲ್ಲಿ ಜನ ತಮ್ಮ ಹಳೆಯ ಸಿಟ್ಟಿನ ಮಾತುಗಳ ಬಗ್ಗೆಯೇ ಚಿಂತಿಸುತ್ತಾರೆ. ನಿಜವಾಗಿ ಅಪಾಯ ತರುವ ಪೋಸ್ಟ್‌ಗಳು ಬಹಳ ಸಲ ಸಂತೋಷದ ದಿನಗಳವು.

ಲಗ್ನಪತ್ರಿಕೆಯನ್ನೇ ತೆಗೆದುಕೊಳ್ಳಿ. ಎರಡೂ ಮನೆಯ ಹಿರಿಯರ ಹೆಸರು, ತಾಯಿಯ ತವರಿನ ಹೆಸರು, ಊರು, ಮನೆಯ ವಿಳಾಸ, ನಾಲ್ಕಾರು ಮೊಬೈಲ್ ಸಂಖ್ಯೆ ಎಲ್ಲವೂ ಒಂದೇ ಚಿತ್ರದಲ್ಲಿವೆ. ಗೃಹಪ್ರವೇಶದ ಆಮಂತ್ರಣದಲ್ಲಿ ಮನೆಗೆ ಬರುವ ದಾರಿಯ ನಕ್ಷೆಯೂ ಇರುತ್ತದೆ. ನಾಮಕರಣದ ಫೋಟೋದಲ್ಲಿ ಮಗುವಿನ ಪೂರ್ಣ ಹೆಸರು ಮತ್ತು ಹುಟ್ಟಿದ ದಿನ. ಇವೆಲ್ಲವನ್ನೂ ಕೂಡಿಸಿಕೊಂಡ ವಂಚಕನೊಬ್ಬ ನಿಮ್ಮ ಬಂಧುವಿನಂತೆ ಫೋನಿನಲ್ಲಿ ಮಾತನಾಡಬಲ್ಲ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಇಂಥವನ್ನು:

- ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ನೇಮಕಾತಿ ಪತ್ರ, ಆಧಾರ್, ಚಾಲನಾ ಪರವಾನಗಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಚಿತ್ರ
- 'ಇದು ನನ್ನ ಹೊಸ ನಂಬರ್' ಎಂಬ ಪೋಸ್ಟ್
- ಮೊದಲ ವಿಮಾನ ಪ್ರಯಾಣದ ಬೋರ್ಡಿಂಗ್ ಪಾಸ್
- 'ನಿಮ್ಮ ಮೊದಲ ಶಾಲೆ, ಮೊದಲ ಗಾಡಿ, ಇಷ್ಟದ ಶಿಕ್ಷಕರು' ಎಂಬ ಪ್ರಶ್ನಾವಳಿ ಆಟಗಳು. ಪಾಸ್‌ವರ್ಡ್ ಮರೆತಾಗ ಕೆಲವು ಜಾಲತಾಣಗಳು ಕೇಳುವ ಪ್ರಶ್ನೆಗಳೂ ಇವೇ
- ಮಕ್ಕಳ ಎಣ್ಣೆಸ್ನಾನದ ಫೋಟೋ, ಶಾಲೆಯ ಹೆಸರಿರುವ ಸಮವಸ್ತ್ರದ ಫೋಟೋ

ಪ್ರೊಫೈಲ್ ಪುಟದ ಮೂರು ಚುಕ್ಕಿಗಳಲ್ಲಿ ಹುಡುಕುವ ಆಯ್ಕೆ ಇದೆ. ಅಲ್ಲಿ 'ಗೃಹಪ್ರವೇಶ' ಎಂದು ಕನ್ನಡದಲ್ಲಿ ಹುಡುಕಿ, ಆಮೇಲೆ ರೋಮನ್ ಅಕ್ಷರದಲ್ಲೂ ಹುಡುಕಿ. 2012ರ ಹೊತ್ತಿನಲ್ಲಿ ಮೊಬೈಲಿನಿಂದ ಕನ್ನಡ ಬರೆಯುವುದು ಸುಲಭವಿರಲಿಲ್ಲ. ನಮ್ಮಲ್ಲಿ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು, ಅದೂ ದಿನಕ್ಕೊಂದು ಕಾಗುಣಿತದಲ್ಲಿ. ಹಾಗಾಗಿ ಒಂದೇ ಪದವನ್ನು ಮೂರು ನಾಲ್ಕು ಬಗೆಯಲ್ಲಿ ಹುಡುಕಬೇಕಾಗುತ್ತದೆ. ಚಿತ್ರದ ಒಳಗಿರುವ ಅಕ್ಷರ ಈ ಹುಡುಕಾಟಕ್ಕೆ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಫೋಟೋಗಳ ವಿಭಾಗವನ್ನು ಕಣ್ಣಾರೆ ನೋಡಿಯೇ ತೀರಬೇಕು.

ಸಿಟ್ಟಿನ ಪೋಸ್ಟ್‌ಗಳಿಗೆ ಬೇರೆಯದೇ ಉಪಾಯ. ಏನು ಬರೆದಿದ್ದೆವೆಂದು ನೆನಪಿರುವುದಿಲ್ಲ, ಆದರೆ ಯಾವಾಗ ಬರೆದಿರಬಹುದೆಂದು ಊಹಿಸಬಹುದು. 2014 ಮತ್ತು 2019ರ ಲೋಕಸಭಾ ಚುನಾವಣೆ, 2018ರ ವಿಧಾನಸಭಾ ಚುನಾವಣೆ, 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯ ವಾರ, ಅದೇ ವರ್ಷ ನವೆಂಬರಿನ ನೋಟು ರದ್ದತಿ, 2020ರ ಲಾಕ್‌ಡೌನ್. ಊರಿಗೆ ಊರೇ ಕಾವೇರಿದ್ದ ಆ ದಿನಗಳಲ್ಲಿ ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಹಂಚಿದವರು ಬಹಳ. ಮುಂದಿನ ಹಂತದಲ್ಲಿ ಹೇಳುವ ಚಟುವಟಿಕೆ ಪುಟದಲ್ಲಿ ಈ ದಿನಾಂಕಗಳನ್ನು ಹಾಕಿ ನೋಡಿ. ಎಲ್ಲ ವರ್ಷಗಳನ್ನು ಜಾಲಾಡುವುದಕ್ಕಿಂತ ಬೇಗ ಕೆಲಸ ಆಗುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಅಭಿಪ್ರಾಯ ಬದಲಾದ ಮಾತ್ರಕ್ಕೆ ಹಳೆಯ ಪೋಸ್ಟ್ ತೆಗೆಯಲೇಬೇಕೆಂದಿಲ್ಲ. ಯಾರನ್ನಾದರೂ ನೋಯಿಸುವಂಥದ್ದು, ಸುಳ್ಳೆಂದು ಆಮೇಲೆ ತಿಳಿದದ್ದು, ಬೇರೊಬ್ಬರ ಖಾಸಗಿ ವಿಷಯ ಹೊರಹಾಕಿದ್ದು, ಈ ಮೂರನ್ನು ತೆಗೆಯಿರಿ. ಉಳಿದದ್ದು ನಿಮ್ಮ ಇಷ್ಟ.

ಹಂತ 5: ಆರ್ಕೈವ್ ಅಥವಾ ಟ್ರ್ಯಾಶ್

ಪ್ರೊಫೈಲಿನ ಮೂರು ಚುಕ್ಕಿಗಳಲ್ಲೇ 'ಆಕ್ಟಿವಿಟಿ ಲಾಗ್' ಇದೆ. ಫೇಸ್‌ಬುಕ್‌ನಲ್ಲಿ ನೀವು ಮಾಡಿದ್ದೆಲ್ಲದರ ದಿನಚರಿ ಅದು. ಅಲ್ಲಿ ನಿಮ್ಮ ಪೋಸ್ಟ್‌ಗಳ ಭಾಗ ತೆರೆದು ವರ್ಷ, ತಿಂಗಳು ಸೋಸಿ, ಬೇಡವಾದವುಗಳ ಮುಂದಿನ ಚೌಕಕ್ಕೆ ಗುರುತು ಹಾಕುತ್ತಾ ಹೋಗಿ. ಕೊನೆಗೆ ಎರಡು ದಾರಿ ಕಾಣುತ್ತವೆ.

ಆರ್ಕೈವ್ ಎಂದರೆ ಅಟ್ಟಕ್ಕೆ ಹಾಕುವುದು. ಪೋಸ್ಟ್ ನಿಮ್ಮ ಪುಟದಿಂದ ಮರೆಯಾಗುತ್ತದೆ, ನಿಮಗೊಬ್ಬರಿಗೆ ಕಾಣುತ್ತದೆ, ಬೇಕೆಂದಾಗ ಮರಳಿ ತರಬಹುದು. ಟ್ರ್ಯಾಶ್ ಎಂದರೆ ಕಸದ ಬುಟ್ಟಿ. ಅಲ್ಲಿಗೆ ಹಾಕಿದ್ದು 30 ದಿನ ಇದ್ದು ಆಮೇಲೆ ತಾನಾಗಿಯೇ ಅಳಿಯುತ್ತದೆ. ಅಷ್ಟರೊಳಗೆ ಮನಸ್ಸು ಬದಲಾದರೆ ಹಿಂದಕ್ಕೆ ತರಬಹುದು. ಇವೆರಡನ್ನೂ ಫೇಸ್‌ಬುಕ್ ತಂದದ್ದು 2020ರಲ್ಲಿ. ಅದಕ್ಕೂ ಮುಂಚಿನ ಸಲಹೆಗಳನ್ನು ಎಲ್ಲಾದರೂ ಓದಿದ್ದರೆ ಬದಿಗಿಡಿ.

ದಾಖಲೆ, ವಿಳಾಸ, ಫೋನ್ ಸಂಖ್ಯೆ, ನೋಯಿಸುವ ಮಾತು ಇವು ಟ್ರ್ಯಾಶ್‌ಗೆ. ಕೆಳಗೆ ನಾಲ್ಕು ಜನ ಮಾತನಾಡಿರುವುದು, ತೀರಿಕೊಂಡವರು ಬರೆದ ಕಾಮೆಂಟ್ ಇರುವುದು, ಬೇಕೋ ಬೇಡವೋ ತೋಚದಿರುವುದು ಇವು ಆರ್ಕೈವ್‌ಗೆ. ಪ್ರತಿ ಪೋಸ್ಟನ್ನೂ ತೆರೆದು, ಕೆಳಗಿನ ಕಾಮೆಂಟ್ ನೋಡಿಯೇ ನಿರ್ಧರಿಸಿ. ಆಕ್ಟಿವಿಟಿ ಲಾಗ್‌ನ ಪಟ್ಟಿಯಲ್ಲಿ ಕಾಮೆಂಟ್‌ಗಳು ಕಾಣುವುದಿಲ್ಲ, ಮೋಸ ಹೋಗುವುದು ಅಲ್ಲಿಯೇ. ಟ್ರ್ಯಾಶ್ ಅನ್ನು ಕೂಡಲೇ ಖಾಲಿ ಮಾಡಬೇಡಿ, 30 ದಿನ ತಾನಾಗಿ ಕಳೆಯಲಿ. ಬಹಳ ವೇಗವಾಗಿ ನೂರಾರು ಅಳಿಸುತ್ತಾ ಹೋದರೆ ಫೇಸ್‌ಬುಕ್ ಅನುಮಾನಪಟ್ಟು ತಾತ್ಕಾಲಿಕವಾಗಿ ತಡೆಯುವುದೂ ಉಂಟು. ಹಾಗಾದರೆ ಗಾಬರಿ ಬೇಡ, ಮರುದಿನ ಮುಂದುವರಿಸಿ.

ಹಂತ 6: ಬೇರೆಯವರ ಗೋಡೆಯ ಮೇಲೆ ನೀವು

ಬೇರೆಯವರು ಹಾಕಿದ ಫೋಟೋವನ್ನು ನೀವು ಅಳಿಸಲಾರಿರಿ. ನಿಮ್ಮ ಹೆಸರಿನ ಟ್ಯಾಗ್ ಬಿಡಿಸಿಕೊಳ್ಳಬಹುದು, ಆದರೆ ಫೋಟೋ ಅಲ್ಲೇ ಉಳಿಯುತ್ತದೆ. ಅದಕ್ಕೆ ಮದ್ದು ಕೇಳಿಕೊಳ್ಳುವುದು. ಕಾಮೆಂಟಿನಲ್ಲಿ ಬರೆದರೆ ಎಲ್ಲರ ಗಮನವೂ ಅಲ್ಲಿಗೇ ಹೋಗುತ್ತದೆ, ಆದ್ದರಿಂದ ಖಾಸಗಿ ಸಂದೇಶ ಕಳಿಸಿ: "ಅಣ್ಣಾ, 2012ರ ಪ್ರವಾಸದ ಆ ಫೋಟೋದಲ್ಲಿ ನಾನೂ ಇದ್ದೇನೆ. ಅದನ್ನು ಸ್ನೇಹಿತರಿಗಷ್ಟೇ ಕಾಣುವಂತೆ ಮಾಡಲು ಸಾಧ್ಯವೇ?" ಅಳಿಸಿ ಎನ್ನುವುದಕ್ಕಿಂತ ಹೀಗೆ ಕೇಳಿದರೆ ಒಪ್ಪುವವರು ಹೆಚ್ಚು. ಅದು ಅವರ ನೆನಪೂ ಹೌದಲ್ಲವೇ? ಮಾನಹಾನಿಯ ಅಥವಾ ಅಶ್ಲೀಲ ಚಿತ್ರವಾದರೆ ಕೇಳುತ್ತಾ ಕೂರಬೇಡಿ. ಅದರ ಸ್ಕ್ರೀನ್‌ಶಾಟ್ ಮತ್ತು ಕೊಂಡಿ ಇಟ್ಟುಕೊಂಡು ಫೇಸ್‌ಬುಕ್‌ಗೆ ವರದಿ ಮಾಡಿ. ಸೈಬರ್ ಅಪರಾಧದ ಸಹಾಯವಾಣಿ 1930.

ನೀವು ಬೇರೆಯವರ ಪೋಸ್ಟಿಗೆ ಬರೆದ ಕಾಮೆಂಟ್‌ಗಳು ಮತ್ತು ಗುಂಪುಗಳಲ್ಲಿ ಬರೆದದ್ದು ಆಕ್ಟಿವಿಟಿ ಲಾಗ್‌ನ ಬೇರೆ ಭಾಗಗಳಲ್ಲಿವೆ. ಮೂರನೇ ಹಂತದ ಗುಂಡಿ ಇವುಗಳನ್ನು ಮುಟ್ಟುವುದಿಲ್ಲ. ಸಾರ್ವಜನಿಕ ಪೋಸ್ಟಿನ ಕೆಳಗೆ ಬರೆದ ಕಾಮೆಂಟ್ ಸಾರ್ವಜನಿಕವೇ, ನಿಮ್ಮ ಪ್ರೊಫೈಲಿಗೆ ಎಷ್ಟು ಬೀಗ ಹಾಕಿದರೂ ಅಷ್ಟೇ. ಸುದ್ದಿಸಂಸ್ಥೆಗಳ ಪುಟದಲ್ಲಿ ಜಗಳವಾಡಿದ್ದರೆ ಅಲ್ಲಿಗೂ ಹೋಗಿ ನೋಡಿ. ಕೊನೆಗೆ ಟ್ಯಾಗಿಂಗ್ ಸೆಟ್ಟಿಂಗ್ಸ್‌ನಲ್ಲಿ 'ರಿವ್ಯೂ' ಆಯ್ಕೆಗಳನ್ನು ಚಾಲೂ ಮಾಡಿ. ಮುಂದೆ ಯಾರೇ ಟ್ಯಾಗ್ ಮಾಡಿದರೂ ನಿಮ್ಮ ಒಪ್ಪಿಗೆಯಿಲ್ಲದೆ ಅದು ನಿಮ್ಮ ಪುಟಕ್ಕೆ ಬಾರದು.

ಇನ್‌ಸ್ಟಾಗ್ರಾಂ, ಎಕ್ಸ್

ಇನ್‌ಸ್ಟಾಗ್ರಾಂನಲ್ಲಿ 'ಯುವರ್ ಆಕ್ಟಿವಿಟಿ' ಎಂಬಲ್ಲಿ ಪೋಸ್ಟ್, ಕಾಮೆಂಟ್, ಲೈಕ್ ಎಲ್ಲವನ್ನೂ ಗುಂಪಾಗಿ ಆರಿಸಿ ತೆಗೆಯಬಹುದು. ಅಳಿಸಿದ ಪೋಸ್ಟ್ ಅಲ್ಲಿಯೂ 30 ದಿನ ಉಳಿದಿರುತ್ತದೆ. ಫೇಸ್‌ಬುಕ್‌ನಲ್ಲಿ ಅಳಿಸಿದರೆ ಇನ್‌ಸ್ಟಾಗ್ರಾಂನಲ್ಲಿರುವ ಅದೇ ಫೋಟೋ ಹೋಗುವುದಿಲ್ಲ, ಎರಡು ಕಡೆಯೂ ತೆಗೆಯಬೇಕು. ಎಕ್ಸ್‌ನಲ್ಲಿ, ಎಂದರೆ ಹಿಂದಿನ ಟ್ವಿಟರ್‌ನಲ್ಲಿ, ಗುಂಪಾಗಿ ಅಳಿಸುವ ಸ್ವಂತ ವ್ಯವಸ್ಥೆ ಇಲ್ಲ. ಕಸದ ಬುಟ್ಟಿಯೂ ಇಲ್ಲ, ಅಳಿಸಿದ್ದು ಹೋದಂತೆಯೇ. ಅಲ್ಲಿ ಪ್ರತಿ ಇಳಿಸಿಕೊಳ್ಳದೆ ಕೈ ಹಾಕಲೇಬೇಡಿ.

ಮಾಡಬಾರದ ಮೂರು ಕೆಲಸ

'ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಅಳಿಸುತ್ತೇವೆ' ಎನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು, ಎಂದರೆ ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶಗಳು, ಬೇಕಾದಷ್ಟಿವೆ. ಅವು ನಿಮ್ಮ ಲಾಗಿನ್ ಆದ ಖಾತೆಯೊಳಗೆ ನಿಮ್ಮ ಹೆಸರಿನಲ್ಲೇ ಓಡಾಡುತ್ತವೆ. ಸಂದೇಶಗಳನ್ನೂ ಓದಬಲ್ಲವು. ಪಾಸ್‌ವರ್ಡ್ ಕೇಳುವ ಜಾಲತಾಣಗಳ ಮಾತಂತೂ ಬೇಡವೇ ಬೇಡ.

ನಿಮ್ಮ ಪೋಸ್ಟಿನ ಬಗ್ಗೆ ಪೊಲೀಸ್ ದೂರು, ನೋಟಿಸ್ ಅಥವಾ ನ್ಯಾಯಾಲಯದ ಪ್ರಕರಣ ಇದ್ದರೆ ಏನನ್ನೂ ಅಳಿಸಬೇಡಿ. ಸಾಕ್ಷ್ಯ ನಾಶವೆಂದು ಅದೇ ಇನ್ನೊಂದು ಅಪರಾಧವಾದೀತು. ಮೊದಲು ವಕೀಲರನ್ನು ಕಾಣಿ.

ಅಮೆರಿಕದ ವೀಸಾಕ್ಕೆ ಅರ್ಜಿ ಹಾಕುವವರು ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಯ ಹೆಸರುಗಳನ್ನು ಅರ್ಜಿಯಲ್ಲಿ ಕೊಡಬೇಕೆಂಬ ನಿಯಮ 2019ರಿಂದ ಇದೆ. ವಿದ್ಯಾರ್ಥಿ ವೀಸಾದವರು ಪ್ರೊಫೈಲನ್ನು ಸಾರ್ವಜನಿಕವಾಗಿ ಇಡಬೇಕೆಂದು 2025ರ ಜೂನ್‌ನಲ್ಲಿ ಹೇಳಲಾಯಿತು. ಖಾತೆ ಮುಚ್ಚಿದ ಮಾತ್ರಕ್ಕೆ ಆ ಹೆಸರನ್ನು ಬಿಡುವ ಹಾಗಿಲ್ಲ. ಮೂರನೇ ಹಂತವನ್ನು ಅವರು ಈ ನಿಯಮ ನೋಡಿಕೊಂಡೇ ಮಾಡಬೇಕು.

ಅಳಿಸಿದ ಮೇಲೂ ಗೂಗಲ್‌ನಲ್ಲಿ ಕಾಣುತ್ತಿದ್ದರೆ

ಮೊದಲ ಹಂತದಲ್ಲಿ ಬರೆದಿಟ್ಟ ಕಾಗದ ತೆಗೆಯಿರಿ. ಕೆಲವು ವಾರ ಕಳೆದರೂ ಅಳಿಸಿದ ಪೋಸ್ಟಿನ ಸಾಲು ಹುಡುಕಾಟದಲ್ಲಿ ಕಾಣುತ್ತಿದ್ದರೆ ಗೂಗಲ್‌ನ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಎಂಬ ಪುಟದಲ್ಲಿ ಆ ಕೊಂಡಿಯನ್ನು ಕೊಡಿ. ಮೂಲ ಪುಟ ಇಲ್ಲವಾಗಿದ್ದರೆ ಅವರು ಫಲಿತಾಂಶದಿಂದ ತೆಗೆಯುತ್ತಾರೆ. ಯಾರೋ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗೆ ಮಾತ್ರ ಇದು ಯಾವ ರೀತಿಯಲ್ಲೂ ನೆರವಾಗದು.

ಅಷ್ಟು ಸಮಯವಿಲ್ಲ ಎನ್ನುವವರಿಗೆ

ಮೊದಲ ಮೂರು ಹಂತ ಮುಗಿಸಿ, ಉಳಿದದ್ದನ್ನು 'ಮೆಮೊರೀಸ್' ಪುಟಕ್ಕೆ ಬಿಡಿ. ಇದೇ ದಿನಾಂಕದಂದು ಹಿಂದಿನ ವರ್ಷಗಳಲ್ಲಿ ನೀವು ಹಾಕಿದ್ದನ್ನು ಅದು ದಿನವೂ ಮುಂದಿಡುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಐದು ನಿಮಿಷ ಅದನ್ನು ತೆರೆದು ಬೇಡವಾದದ್ದನ್ನು ಅಲ್ಲೇ ತೆಗೆಯುತ್ತಾ ಹೋದರೆ ಒಂದು ವರ್ಷದಲ್ಲಿ ಬಹುಪಾಲು ಪೋಸ್ಟ್‌ಗಳು ಕಣ್ಣ ಮುಂದೆ ಹಾದುಹೋಗಿರುತ್ತವೆ. ಅದು ಕೆಲವನ್ನು ತಾನೇ ಬಿಟ್ಟುಬಿಡುತ್ತದೆ, ಹಾಗಾಗಿ ಲಗ್ನಪತ್ರಿಕೆ ಮತ್ತು ಆಧಾರ್ ಚಿತ್ರಗಳಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಅವನ್ನು ಈ ವಾರವೇ ಹುಡುಕಿ ತೆಗೆಯಿರಿ.